ಜರ್ಮನಿಯ ಹೆಳವ

ನಂಜನಗೂಡಿನ ಮುಸಾಫರಿ ಬಂಗಲೆಯಲ್ಲಿ ನಾನು ಗುಮಾಸ್ತನಾಗಿದ್ದಾಗ, ರಿಜಿಸ್ಟರಿನಲ್ಲಿ ಕಸುಬು ಬರೆಸದವರಿಗೆ ಕೋಣೆ ಕೊಡಬಾರದೆಂಬ ಕಾನೂನಿತ್ತು. ಒಂದು ಸಂಜೆ ರೈಲಿಳಿದು ಬಂದ ಜರ್ಮನ್ ದೊರೆ, ತಮ್ಮೂರಿನಲ್ಲಿ ರಷ್ಯದವರ, ಪೋಲೆಂಡಿನವರ ಕತೆ ಹಾಡುಗಳನ್ನು ಪಾಠ ಹೇಳುತ್ತೇನೆ ಎಂದರು. ಇಪ್ಪತ್ತು ವರ್ಷದಿಂದ ಅದೇ ಕೆಲಸವಂತೆ.

"ಮತ್ತೆ ಜರ್ಮನಿಯವರದ್ದು?" ಎಂದೆ.

"ಅದಕ್ಕೆ ಬೇರೆಯವರಿದ್ದಾರೆ."

ಬರೀ 'ಮೇಷ್ಟರು' ಎಂದರೆ ಸಾಲದು; ತಮ್ಮದನ್ನು ಬಿಟ್ಟು ಪಕ್ಕದವರದ್ದನ್ನು ಹೇಳಿಕೊಂಡು ಬದುಕುವ ಈ ಕಸುಬಿಗೆ ಏನು ಹೆಸರಿಡಲಿ? ಲೇಖನಿಯ ತುದಿಯಲ್ಲೇ ಮಸಿ ಒಣಗಿತು.

ಮನೆಮಂದಿಯೊಂದಿಗೆ ಬಂಗಲೆಯಲ್ಲೇ ಇಳಿದು ಜಗಲಿಯಲ್ಲಿ ಕೂತಿದ್ದ ಹೆಮ್ಮರಗಾಲದ ಪಟೇಲರಿಗೆ ವಿಷಯ ಹೇಳಿದೆ. "ನಮ್ ಎಳವ ಇಲ್ವಾ ಸ್ವಾಮಿ? ಎತ್ತಿನ ಮ್ಯಾಲೆ ಬಂದು ಊರೋರ ವಂಸಾವಳಿಯೆಲ್ಲ ಯೋಳಿ ರಾಗಿ ಈಸ್ಕೊಂಡ್ ವೋಯ್ತಾನೆ. ಅವನ ಮನೆ ಕತೆ ಯಾವತ್ತಾರ ಯೋಳವ್ನಾ?" ಎಂದರು.

ಬೇರೆ ದಾರಿ ಕಾಣದೆ 'ಹೆಳವ' ಎಂದೇ ಬರೆದೆ.

ಬೆಳಿಗ್ಗೆ ನೋಡಿದರೆ ಪಟೇಲರು ಮನೆಮಂದಿಯನ್ನೆಲ್ಲ ಕರಕೊಂಡು, ಮೊರದ ತುಂಬ ರಾಗಿ ಇಟ್ಟುಕೊಂಡು ದೊರೆಯ ಮುಂದೆ ಕೂತಿದ್ದಾರೆ. "ನಮ್ದೂ ವಸಿ ಯೋಳ್ಬುಡಿ" ಎಂದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ದೊರೆ ಕಣ್ಣು ಮಿಟುಕಿಸಿ, ನೋಟ್‌ಬುಕ್ ತೆಗೆದು, "ಇವರ ತಾತನ ಹೆಸರೇನು?" ಎಂದರು. ಮಧ್ಯಾಹ್ನದ ಹೊತ್ತಿಗೆ ಪಟೇಲರೇ ಏಳು ತಲೆಮಾರು ಹೇಳಿ ಮುಗಿಸಿದ್ದರು.

ಹೇಳಿದವರು ಪಟೇಲರು, ರಾಗಿ ಕಟ್ಟಿಕೊಂಡು ಹೋದವರು ದೊರೆ. ರಿಜಿಸ್ಟರಿನಲ್ಲಿ ಯಾರ ಕಸುಬನ್ನು ತಿದ್ದಬೇಕಿತ್ತೋ ನನಗಿನ್ನೂ ಗೊತ್ತಾಗಿಲ್ಲ.