ಎಡದಾರದಲ್ಲಿ ಉಳಿದ ಚೀಟಿ

ಕಳೆದ ವಾರ ಹಳೆಯ ಕಡತವೊಂದನ್ನು ಬಿಚ್ಚಲಾಗಿ, ತುಕ್ಕು ಹಿಡಿದ ಗುಂಡುಸೂಜಿ ಚುಚ್ಚಿದ್ದ ಒಂದು ಚೀಟಿ ಕೈಗೆ ಬಂದಿತು. ಸದರಿ ಚೀಟಿಯ ವಿಷಯವನ್ನು ಈವರೆಗೆ ನಾನು ಯಾರಲ್ಲಿಯೂ ನಿವೇದಿಸಿಕೊಂಡಿರುವುದಿಲ್ಲ. ಲೇಖನ ಬರೆದು ರೂಢಿಯಿಲ್ಲ. ಲೋಪವಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಎಂಬತ್ತರ ದಶಕದಲ್ಲಿ ಅಫಜಲಪುರ ತಾಲ್ಲೂಕಿನ ಕಣ್ಣಿನ ಶಿಬಿರವೊಂದಕ್ಕೆ ನಾನು ತಾತ್ಕಾಲಿಕ ಗುಮಾಸ್ತನಾಗಿದ್ದೆ. ಶಾಲೆಯ ಕೋಣೆಗಳಲ್ಲಿ ಇಪ್ಪತ್ತು ಹಾಸಿಗೆ. ರೋಗಿಗಳ ಹೆಸರಿನ ಪಟ್ಟಿಯ ಹೊಣೆ ಕಂಪೌಂಡರ್ ಸಾಹೇಬರದು. ಮೂಗಿನ ತುದಿಯಲ್ಲೇ ಸಿಟ್ಟು. ಅವರು ಗೋಡೆಗೆ ಎರಡು ದಾರ ಕಟ್ಟಿದ್ದರು. ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರ ಚೀಟಿ ಎಡದಾರಕ್ಕೆ. ಹಾಸಿಗೆ ಕೊಟ್ಟ ಕೂಡಲೇ ಅದೇ ಚೀಟಿಯನ್ನು ಕಿತ್ತು ಬಲದಾರಕ್ಕೆ.

"ಒಬ್ಬರಿಗಿ ಒಂದಽ ಚೀಟಿ. ಚೀಟಿ ನಡೀಬೇಕು, ಹಡೀಬಾರದು. ತಿಳೀತಿಲ್ಲೋ?" ಎನ್ನುತ್ತಿದ್ದರು.

ನನ್ನ ಅಕ್ಷರ ದುಂಡಾಗಿತ್ತು. ಅದರ ಸೊಕ್ಕೂ ಇತ್ತು. ಅತನೂರಿನ ಮುದುಕರೊಬ್ಬರ ಚೀಟಿಗೆ ಎಲೆಯಡಿಕೆಯ ಕಲೆ ಬಿದ್ದಿದ್ದರಿಂದ, ಅದನ್ನು ಎಡದಾರದಲ್ಲಿಯೇ ಬಿಟ್ಟು, ಹೊಸದೊಂದನ್ನು ಅಂದವಾಗಿ ಬರೆದು ಬಲಕ್ಕೆ ಚುಚ್ಚಿದೆ. ಮಧ್ಯಾಹ್ನದ ಗದ್ದಲದಲ್ಲಿ ಅದನ್ನು ಮರೆತು ಹಳೆಯದನ್ನೂ ಬಲಕ್ಕೆ ಸರಿಸಿದೆ. ಬಲದಾರದಲ್ಲಿ ಚೀಟಿ ಇಪ್ಪತ್ತು; ಮನುಷ್ಯರು ಹತ್ತೊಂಬತ್ತು.

ಎಡದಾರದಲ್ಲಿ ಉಳಿದದ್ದು ಘತ್ತರಗಿಯಲ್ಲಿ ಬಳೆ ಮಾರುವ ಅಜ್ಜಿಯ ಚೀಟಿ. ಹಾಸಿಗೆ ಇಲ್ಲವೆಂದೆ.

"ಅಳತಿ ಕೈ ಮುಟ್ಟಿ ಹೇಳ್ತೇನ್ರಿ ಸಾಹೇಬ್ರ. ಬಣ್ಣಽ ಗೊತ್ತಾಗಂಗಿಲ್ಲ... ಹಸರು ಕೇಳಿದ್ರ ಕೆಂಪು ಕೊಡ್ತೇನಿ, ಮಂದಿ ನಗ್ತಾರ," ಎಂದು, ಗೋಡೆ ಹಿಡಿದುಕೊಂಡು ಹೊರಟುಹೋದಳು.

ಸಂಜೆ ಕೊನೆಯ ಹೆಸರು ಕೂಗಲಾಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅದೇ ಮುದುಕರು, "ಇನ್ನೊಮ್ಮಿ ಕೊಯ್ತೀರೇನ್ರಿ?" ಎಂದರು. ಕಂಪೌಂಡರ್ ಸಾಹೇಬರು ಬಸ್ ನಿಲ್ದಾಣದವರೆಗೆ ಓಡಿದರು. ಘತ್ತರಗಿಯ ಬಸ್ ಹೋಗಿತ್ತು. ಇತ್ತ ವೈದ್ಯರ ಜೀಪೂ ಹೊರಟಿತು...

ಸಾಹೇಬರು ವಿವರಣೆ ಕೇಳಲಾಗಿ, "ಹೆಸರು ಪುನರಾವರ್ತನೆಯಾಗಿರುತ್ತದೆ" ಎಂದು ಬರೆದುಕೊಟ್ಟೆ. ಅವರು ಹರಿದೆಸೆದರು.

"ಹೆಸರು ತಾನಽ ಎದ್ದು ಹೋಗಿ ಕುಂತದೇನಲೇ? ಚಂದ ಅಕ್ಷರ ಯಾರಿಗಿ ತೋರಸ್ಲಿಕ್ಕೆ ಬರದಿ? ಕಣ್ಣ ಕಾಣದ ಮಂದಿಗೇನು?"

ಮರುವರ್ಷದ ಶಿಬಿರಕ್ಕೆ ಅಜ್ಜಿ ಬರಲಿಲ್ಲ. ಸಾಹೇಬರು ಅವಳ ಚೀಟಿಯನ್ನು ನನ್ನ ಕೈಯಲ್ಲಿಟ್ಟು, "ನಿನ್ನ ಕಡೀನಽ ಇರ್ಲಿ," ಎಂದರು. ಆ ಬಳಿಕ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಶಿಬಿರದ ಕೆಲಸಕ್ಕೆ ಈಗಲೂ ಹೋಗುತ್ತೇನೆ; ಪಟ್ಟಿ ಮಾತ್ರ ಈಗ ಕಂಪ್ಯೂಟರಿನ ಪುಟದಲ್ಲಿದೆ. ಹೆಸರನ್ನು ಎಡದಿಂದ ಎಳೆದು ಬಲಕ್ಕೆ ಬಿಡುತ್ತಾರೆ. ನಿನ್ನೆ ಒಂದೇ ಹೆಸರು ಬಲದಲ್ಲಿ ಎರಡು ಸಲ ಬಿದ್ದಿತು.

"ಎರಡ ಬಿದ್ರ ಏನಾತ್ರಿ ಕಾಕಾ? ಆಮ್ಯಾಲ ಅಳಸಿದ್ರಾತು," ಎಂದಳು ಪುಟ ಸಿದ್ಧಪಡಿಸಿದ ಹೆಣ್ಣುಮಗಳು.

ಮೈ ಉರಿಯಿತು. ಹೆಸರು ಎಡದಿಂದ ಅಳಿಯದೆ ಬಲಕ್ಕೆ ಬರಕೂಡದು, ಬಲದಲ್ಲಿ ಆಗಲೇ ಇದ್ದರೆ ಪುಟವೇ ಅದನ್ನು ಹಿಂದಕ್ಕೆ ತಳ್ಳಬೇಕು, ಅದು ಸರಿಯಾಗುವವರೆಗೆ ಯಾರಿಗೂ ಹಾಸಿಗೆ ಇಲ್ಲವೆನ್ನಕೂಡದು ಎಂದು ಕೂಗಾಡಿದೆ. ಆ ದನಿ ನನ್ನದೆನಿಸಲಿಲ್ಲ... ಕಂಪೌಂಡರ್ ಸಾಹೇಬರು ತೀರಿಕೊಂಡು ಬಹಳ ವರ್ಷಗಳಾದವು.

ಅವರು ಹರಿದೆಸೆದ ವಿವರಣೆಯನ್ನು ಈ ಮೂಲಕ ಮತ್ತೆ ಸಲ್ಲಿಸುತ್ತಿದ್ದೇನೆ. ಎರಡನೆಯ ಚೀಟಿಯನ್ನು ನಾನೇ ಬರೆದೆ. ಹಾಸಿಗೆ ಖಾಲಿ ಇತ್ತು.