ಮಾಳಿಂಗರಾಯನ ಬಿಳಿ ಟವೆಲ್

ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಎಲ್ಲೇ ಕುಸ್ತಿ ನಡೆಯಲಿ, ಅಖಾಡದ ಬಾಯಲ್ಲಿ ಬಿಳಿ ಟವೆಲ್ ಹಿಡಿದು ನಿಲ್ಲುವವನು ಕುಸ್ತಿಯ ತೀರ್ಪು ಹೇಳುವ ಪಂಚ ಮಾಳಿಂಗರಾಯ. ಪೈಲ್ವಾನರ ಉಗುರು ನೋಡುತ್ತಾನೆ, ಕುರುಚಲು ಗಡ್ಡ ಸವರುತ್ತಾನೆ, ಕುತ್ತಿಗೆ ಒರೆಸಿ ಟವೆಲನ್ನು ಬಿಸಿಲಿಗೆ ಹಿಡಿಯುತ್ತಾನೆ, ಎದುರಾಳಿಯ ಹಿಡಿತ ಜಾರಿಸುವ ಎಣ್ಣೆಯ ಕಲೆ ಕಂಡರೆ "ಮೈ ತೊಳಕೊಂಡು ಬಾರಲೇ!" ಎಂದು ಓಡಿಸುತ್ತಾನೆ. ಅವನು ಹಾದುಹೋದರೆ ಮಿರ್ಚಿಭಜಿ ಕರಿಯುವವನೂ ಕೈ ಬಚ್ಚಿಟ್ಟುಕೊಳ್ಳುತ್ತಾನೆ. ಮೊನ್ನೆ ಲಿಂಗಸುಗೂರಿನಲ್ಲಿ ಹುಡುಗಿಯರ ಕುಸ್ತಿ. ಸಾಲಿನಲ್ಲಿ ಅವನ ಮಗಳು ಮಹಾಲಕ್ಷ್ಮಿಯೂ ಇದ್ದಳು. ಕುತ್ತಿಗೆ ಒರೆಸಿದರೆ ಟವೆಲ್ ತುಂಬ ಕೊಬ್ಬರಿ ಎಣ್ಣೆ. "ಯಾರು ಹಚ್ಯಾರ ಬೇ ಇದನ್ನ?" ಎಂದು ಗುಡುಗಿದ. "ಮುಂಜಾನೆ ನನ್ನ ಜಡಿ ಹಾಕಿದವ ನೀನಽ ಅಲ್ಲೇನಪ್ಪ?" ಅಂದಳು. ಮಾಳಿಂಗರಾಯ ತನ್ನ ಅಂಗೈ ಮೂಸಿಕೊಂಡ. ಆಮೇಲೆ ಮಗಳನ್ನು ನಳದ ಕೆಳಗೆ ಕೂರಿಸಿ, ಎಲ್ಲರೆದುರಿಗೇ ತಲೆಗೆ ಸಾಬೂನು ಹಚ್ಚಿ ತೊಳೆದು, ಜಡೆಯನ್ನು ಮತ್ತೆ ಬಿಗಿಯಾಗಿ ಹೆಣೆದ, ಈ ಸಲ ಬರೀ ನೀರು ಹಚ್ಚಿ.