ಹನುಮಕ್ಕನ ಹೆಸರಿಗೆ ಬಂದ ರತ್ನಮ್ಮ

ಬಸ್ಸು ಕೆಡಬಹುದಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ಪಕ್ಕ ನಿಂತು ಕಂಡಕಂಡ ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಬೇಕಾಗಬಹುದಿತ್ತು. ಮಿಲ್ಲಿನಲ್ಲಿ ಕರೆಂಟು ಹೋಗಬಹುದಿತ್ತು. ಮೈಕು ಕೈಕೊಡಬಹುದಿತ್ತು. ತೌಡಿನ ಧೂಳಿಗೆ ಸೀನು ಶುರುವಾಗಿ ನಿಲ್ಲದೇ ಹೋಗಬಹುದಿತ್ತು (ಇದಕ್ಕೆಂದೇ ಮೂರು ಕರ್ಚೀಫು, ಎರಡು ಮಾತ್ರೆ). ಕೇಳುವವರು ನಿದ್ದೆ ಹೋಗಬಹುದಿತ್ತು. ಹಿಂದಿನ ವಾರ ಕುರುಗೋಡಿನಲ್ಲಿ ಇದೇ ಭಾಷಣಕ್ಕೆ ಮುಂದಿನ ಸಾಲಿನವರೇ ಗೊರಕೆ ಹೊಡೆದಿದ್ದರು.

"ಅಲ್ರೀ, ಭಾಷಣ ಮಾಡಾಕ ಹೊಂಟೀರೋ, ಯುದ್ಧಕ್ಕ ಹೊಂಟೀರೋ?" ಅಂದಳು ಹೆಂಡತಿ, ನನ್ನ ಬ್ಯಾಗು ಎತ್ತಿ ನೋಡಿ.

ಹೊರಟಿದ್ದು ಸಿರುಗುಪ್ಪದ ಒಂದು ರೈಸ್ ಮಿಲ್ಲಿಗೆ. ಬಳ್ಳಾರಿಯ ಕಾಲೇಜಿನಲ್ಲಿ ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುವವನು ಅಂತ ನಿಮಗೆ ಗೊತ್ತೇ ಇದೆ. (ಜೀವನದಲ್ಲಿ ಏನನ್ನೂ ಮ್ಯಾನೇಜ್ ಮಾಡಿದವನಲ್ಲ ಅನ್ನುವುದೂ ಗೊತ್ತು.) ನನ್ನ ಹಳೆಯ ವಿದ್ಯಾರ್ಥಿ ಕಿರಣ ಆ ಮಿಲ್ಲಿಗೆ ಎಚ್‌ಆರ್ ಮ್ಯಾನೇಜರ್ ಆಗಿ ಸೇರಿ ತಿಂಗಳಾಗಿತ್ತು.

"ಎಲ್ಲಾರಿಗೂ ಐಡಿ ಕಾರ್ಡು, ಅಪಾಯಿಂಟ್‌ಮೆಂಟ್ ಲೆಟರ್ ಕೊಡಾಕತ್ತೀವಿ ಸಾರ್. ಅದರಾಗಿನ ಶಬ್ದ ಅವರಿಗೆ ತಿಳಿಯಂಗಿಲ್ಲ. ನೀವು ಬಂದು ಒಂದೀಟು ಬಿಡಿಸಿ ಹೇಳ್ರಿ."

ಒಳ್ಳೆಯ ಕೆಲಸ ತಾನೇ?

ಚೀಲ ಹೊಲಿಯುವ, ಕಣ ಗುಡಿಸುವ ಮೂವತ್ತು ಹೆಣ್ಣುಮಕ್ಕಳು ತಾಡಪತ್ರಿ ಮೇಲೆ ಕೂತಿದ್ದರು. ಹ್ಯೂಮನ್ ರಿಸೋರ್ಸ್ ಅಂದರೆ ಮಾನವ ಸಂಪನ್ಮೂಲ ಅಂತ ಶುರು ಮಾಡಿದೆ.

"ಅಂದ್ರ ಸಂಡೂರಿನ ಅದಿರು ಇದ್ದಂಗೇನ್ರಿ?" ಎರಡನೇ ಸಾಲಿನಿಂದ ಒಬ್ಬಳು ಕೇಳಿದಳು. ಹಳದಿ ಸೀರೆ, ಹರಿತ ಕಣ್ಣು.

ಹಾಗೇ ಅಂದೆ. (ಅದಿರು ತೆಗೆದ ಮೇಲೆ ಗುಂಡಿಯಷ್ಟೇ ಉಳಿಯುತ್ತದೆ ಅನ್ನುವುದನ್ನು ಹೇಳಲಿಲ್ಲ.)

ಪ್ರೊಬೇಷನ್ ಅಂದರೆ ಹೊಸ ಸೊಸೆಯ ಮೊದಲ ವರ್ಷ ಅಂದೆ. "ನಂದು ಇನ್ನಾ ಮುಗುದಿಲ್ಲ ಬಿಡ್ರಿ ಸಾರ್, ಹದಿನೆಂಟು ವರ್ಷಾತು!" ಮತ್ತೆ ಅವಳೇ. ಎಲ್ಲರೂ ನಕ್ಕರು. ಕಿರಣ ನನ್ನ ಕಿವಿಯಲ್ಲಿ, "ಹನುಮಕ್ಕ ಅಂತ ಸಾರ್. ಭಾಳ ಚುರುಕು. ಒಂದಿನಾನೂ ತಪ್ಪಿಸಂಗಿಲ್ಲ" ಅಂದ.

ನನಗೂ ಹುರುಪು ಬಂತು. ಅಬ್ಸ್‌ಕಾಂಡಿಂಗ್ ಅಂದರೆ ಹೇಳದೆ ಕೇಳದೆ ಕೆಲಸಕ್ಕೆ ಬರುವುದನ್ನು ಬಿಡುವುದು, ಅಂಥವರ ಹೆಸರು ತೆಗೆದುಹಾಕಬಹುದು ಅಂದೆ.

ಹಳದಿ ಸೀರೆ ಎದ್ದು ನಿಂತಿತು. "ನಮ್ಮನ್ಯಾಗ ಅಂಥಾದ್ದೇನಿಲ್ರಿ ಸಾರ್. ನಮ್ಮಕ್ಕಗ ಗರ್ಭಚೀಲದ ಆಪರೇಷನ್ ಆಗಿ ಎರಡು ತಿಂಗಳಾತು. ಆಕಿ ಮಲಗಿದ ಮರುದಿನದಿಂದ ನಾನೇ ಬರಾಕತ್ತೀನಿ, ನಮ್ಮೂರು ಕರೂರಿಂದ. ಒಂದಿನ ತಪ್ಪಿಸಿದ್ರ ಕೇಳ್ರಿ."

"ನೀವು ಹನುಮಕ್ಕ ಅಲ್ಲೇನು?" ಕಿರಣ ಕೇಳಿದ.

"ಹನುಮಕ್ಕ ನಮ್ಮಕ್ಕರಿ. ನಾ ರತ್ನಮ್ಮ."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಯಾಕಿರಬಾರದು? ಅಲ್ಲಿ ಕೆಲಸ ಒಬ್ಬರದಲ್ಲ, ಮನೆಯದು. ಅಕ್ಕ ಮಲಗಿದರೆ ತಂಗಿ, ಅತ್ತೆಗೆ ಕಾಲು ನೋವಾದರೆ ಸೊಸೆ. ಮೇಸ್ತ್ರಿ ಪುಸ್ತಕದಲ್ಲಿರುವ ಹೆಸರು ಕೂಗುತ್ತಾನೆ, ಬದಲಿಗೆ ಬಂದವಳು "ಬಂದೀನ್ರಿ" ಅನ್ನುತ್ತಾಳೆ. ಜಾಗ ಉಳಿಯುತ್ತದೆ. ಇದು ಮೋಸ ಅನ್ನಿಸಿದ್ದರೆ ಅಷ್ಟು ಜನರ ಎದುರು ಎದ್ದು ನಿಂತು ಹೇಳುತ್ತಿದ್ದಳೇ?

ಸಾಹುಕಾರರಿಗೆ ಕೊಡಲು ರಿಪೋರ್ಟು ಬರೆದುಕೊಳ್ಳುತ್ತಿದ್ದ ಕಿರಣನ ಪೆನ್ನು ತಡವರಿಸಿತು. ಹುಡುಗ ಕೆಟ್ಟವನಲ್ಲ. ಏನು ಬರೆಯಬೇಕು ಅಂತ ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

"ಸಾರ್, ಒಬ್ಬರ ಹೆಸರಿನಾಗ ಇನ್ನೊಬ್ಬರು ಕೆಲಸ ಮಾಡಿದ್ರ ಅದಕ್ಕ ಏನೋ ಅಂತಾರಲ್ಲ? ನೀವೇ ಕ್ಲಾಸಿನಾಗ ಹೇಳಿದ್ರಿ, ಮರ್ತೀನಿ."

"ಇಂಪರ್ಸನೇಷನ್" ಅಂದೆ.

ಇಪ್ಪತ್ತೈದು ವರ್ಷದ ಚಟ. ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಉತ್ತರ ಬಾಯಿಂದ ಉದುರುತ್ತದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ? ಇಲ್ಲ. "ಗ್ರಾಸ್ ಮಿಸ್‌ಕಂಡಕ್ಟ್ ಅಡಿಯಲ್ಲಿ ಬರುತ್ತೆ" ಅಂತ ಸೇರಿಸಿದೆ. ಕನ್ನಡದಲ್ಲೂ ಹೇಳಿದೆ: ಘೋರ ದುರ್ನಡತೆ. ಕಿರಣ ಬರೆದುಕೊಂಡ. ಆಮೇಲೆ ಚಪ್ಪಾಳೆ, ಶಾಲು, ಚಹಾ. ರತ್ನಮ್ಮನೂ ಚಪ್ಪಾಳೆ ತಟ್ಟಿದಳು.

ಡೌಟು ಬಂದರೆ ಫೋನ್ ಮಾಡಿ ಅಂತ ಬೋರ್ಡಿನ ಮೇಲೆ ನನ್ನ ನಂಬರು ಬರೆದು ಬಂದಿದ್ದೆ. ಹತ್ತು ದಿನ ಯಾರಿಗೂ ಡೌಟು ಬರಲಿಲ್ಲ. ಈ ಸೋಮವಾರ ಬಂತು.

"ಸಾರ್, ರತ್ನಮ್ಮ ರೀ. ನಮ್ಮಕ್ಕ ಇವತ್ತು ಕೆಲಸಕ್ಕ ಹೋಗಿದ್ಲರಿ. ಗೇಟಿನಾಗೇ ನಿಂದು ಹೆಸರಿಲ್ಲ ನಡಿ ಅಂದ್ರಂತ. ಹೆಸರು ಉಳೀಲಿ ಅಂತ್ಲೇ ನಾ ಎರಡು ತಿಂಗಳು ದುಡಿದಿದ್ದು. ಹನ್ನೊಂದು ವರ್ಷದ ಜಾಗ ರೀ ಅದು. ಆಕಿ ಗ್ವಾಡಿ ಕಡಿ ಮಖ ಮಾಡಿ ಮಲಗ್ಯಾಳ. ಇದಕ್ಕ ಏನಂತಾರ್ರಿ ನಿಮ್ಮ ಪುಸ್ತಕದಾಗ?"

ಟರ್ಮಿನೇಷನ್ ಅನ್ನುತ್ತಾರೆ. ಹೇಳಲಿಲ್ಲ. ವಿಚಾರಿಸುತ್ತೇನಮ್ಮ ಅಂದು ಫೋನಿಟ್ಟು ಕಿರಣನಿಗೆ ಮಾಡಿದೆ.

"ನನ್ನ ಕೈಯಾಗಿಲ್ಲ ಸಾರ್. ರಿಪೋರ್ಟಿನಾಗ ಆ ಶಬ್ದ ಬರದೀನಿ, ಸಾಹುಕಾರ್ರು ನೋಡ್ಯಾರ. ಇನ್ನ ಹೆಂಗ ಅಳಸ್ಲಿ?"

"ತಂಗಿಯನ್ನಾದರೂ ಇಟ್ಟುಕೊಳ್ಳೋ."

"ಆಕಿ ನಮ್ಮ ಎಂಪ್ಲಾಯೀನೇ ಅಲ್ಲಲ್ಲ ಸಾರ್" ಅಂದ. ನಾನೇ ಕಲಿಸಿದ ಪಾಠ, ಎಲ್ಲೂ ತಪ್ಪಿಲ್ಲ.

ರತ್ನಮ್ಮನಿಗೆ ಇನ್ನೂ ವಾಪಸ್ ಫೋನ್ ಮಾಡಿಲ್ಲ. ಆ ದಿನ ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆಗಿದ್ದು ಒಂದೇ ಒಂದು, ಅದೂ ಸಣ್ಣದು: ಕಿರಣ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿತ್ತು.